ಲೈಟ್‌ರೂಮ್ ಕ್ಲಾಸಿಕ್: ನನ್ನನ್ನು ಹಿಡಿದಿಟ್ಟಿದ್ದು ಟೆಕ್ಸ್ಚರ್ ಸ್ಲೈಡರ್

ಮದುವೆ ಫೋಟೋಗಳನ್ನು ಎಡಿಟ್ ಮಾಡುವುದೇ ನನ್ನ ಕೆಲಸ. ಅದಕ್ಕೆ ಅಡೋಬಿ ಲೈಟ್‌ರೂಮ್ ಕ್ಲಾಸಿಕ್ ಅನ್ನುವ ಸಾಫ್ಟ್‌ವೇರ್ ಬಳಸಲು ಶುರು ಮಾಡಿ ವರ್ಷಗಳೇ ಆದವು. ಅದರಲ್ಲಿ ಏನೇನಿದೆ ಅನ್ನುವುದು ಎಲ್ಲರಿಗೂ ಗೊತ್ತು, ಅದನ್ನು ಇಲ್ಲಿ ಮತ್ತೆ ಹೇಳುವುದಿಲ್ಲ. ನಾನು ಬರೆಯಲು ಕೂತಿದ್ದು ಒಂದೇ ಒಂದು ಸ್ಲೈಡರ್‌ಗಾಗಿ, ಅಂದರೆ ಎಡಕ್ಕೆ ಬಲಕ್ಕೆ ಎಳೆಯುವ ಒಂದು ಗುಂಡಿಗಾಗಿ.

ಟೆಕ್ಸ್ಚರ್ ಬಂದಿದ್ದು 2019ರ ಮೇ ತಿಂಗಳಲ್ಲಿ. ಹೆಸರು ಕೇಳಿದರೆ ಬಟ್ಟೆಯ ನೇಯ್ಗೆ, ಮರದ ತೊಗಟೆ ಎದ್ದು ಕಾಣಿಸಲು ಇರುವಂಥದ್ದು ಅನ್ನಿಸುತ್ತದೆ. ಬಲಕ್ಕೆ ಎಳೆದರೆ ಆ ಕೆಲಸವನ್ನೂ ಮಾಡುತ್ತದೆ. ಆದರೆ ಅಡೋಬಿಯವರು ಇದನ್ನು ಮೊದಲು ಕೈಗೆತ್ತಿಕೊಂಡಿದ್ದೇ ಚರ್ಮವನ್ನು ನಯ ಮಾಡುವ ಸ್ಲೈಡರ್ ಆಗಿ. ಹಾಗಾಗಿ ಮದುವೆ ಫೋಟೋಗೆ ಬೇಕಾಗಿದ್ದು ಇದರ ಎಡಭಾಗ.

ಅದಕ್ಕೂ ಮುಂಚೆ ನಮ್ಮ ಕೈಲಿ ಇದ್ದಿದ್ದು ಕ್ಲಾರಿಟಿ ಅನ್ನುವ ಸ್ಲೈಡರ್. ಬ್ರಷ್‌ನಲ್ಲಿ ಮೊದಲಿನಿಂದ ಇದ್ದ 'ಸಾಫ್ಟನ್ ಸ್ಕಿನ್' ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ಅಳತೆಗಳು) ತೆರೆದು ನೋಡಿ: ಕ್ಲಾರಿಟಿ ಮೈನಸ್ 100, ಶಾರ್ಪ್‌ನೆಸ್ ಪ್ಲಸ್ 25. ಕ್ಲಾರಿಟಿಯನ್ನು ಕಡಿಮೆ ಮಾಡಿದರೆ ನೆರಳು ಬೆಳಕಿನ ನಡುವಿನ ಅಂತರವೇ ಕುಗ್ಗುತ್ತದೆ. ಮೂಗಿನ ಪಕ್ಕದ ನೆರಳು, ಕೆನ್ನೆಯ ಉಬ್ಬು ಎರಡೂ ಮಾಯ. ಮುಖ ಚಪ್ಪಟೆಯಾಗಿ, ಸುತ್ತ ಮಂಜು ಕವಿದಂತೆ ಕಾಣುತ್ತದೆ. ಟೆಕ್ಸ್ಚರ್ ಹಾಗಲ್ಲ. ಅದು ಮುಟ್ಟುವುದು ಮಧ್ಯಮ ಗಾತ್ರದ ವಿವರಗಳನ್ನು, ಅಂದರೆ ಚರ್ಮದ ಕಲೆ, ಒರಟು, ಮೇಕಪ್ ಅಲ್ಲಲ್ಲಿ ಬಿರುಕು ಬಿಟ್ಟಿದ್ದು. ತೀರಾ ಸಣ್ಣ ರಂಧ್ರಗಳು ಹೆಚ್ಚುಕಡಿಮೆ ಹಾಗೇ ಇರುತ್ತವೆ. ಮುಖದ ದೊಡ್ಡ ನೆರಳು ಬೆಳಕೂ ಹಾಗೇ ಇರುತ್ತದೆ. ಹಾಗಾಗಿಯೇ ಅದು ಮನುಷ್ಯರ ಮುಖವಾಗಿ ಉಳಿಯುತ್ತದೆ.

ನಾನು ಮೈನಸ್ 15ರಿಂದ 25ರೊಳಗೇ ನಿಲ್ಲಿಸುತ್ತೇನೆ. 40 ದಾಟಿದರೆ ಮೇಣದ ಗೊಂಬೆ.

ಈಗ ದಿನದ ಕೆಲಸದ ಬಗ್ಗೆ ಹೇಳುತ್ತೇನೆ, ಇದು ನನಗೆ ತುಂಬಾ ಇಷ್ಟದ ಭಾಗ. ಮೊದಲು ಬಣ್ಣ ಸರಿ ಮಾಡುತ್ತೇನೆ. ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ಫ್ಲ್ಯಾಶ್ ಇದ್ದರೆ ಅರ್ಧ ಮುಖ ಒಂದು ಬಣ್ಣ, ಇನ್ನರ್ಧ ಮತ್ತೊಂದು. ಅದನ್ನು ಸರಿ ಮಾಡದೆ ಚರ್ಮ ಎಷ್ಟು ನಯ ಮಾಡಿದರೂ ಏನೂ ಪ್ರಯೋಜನವಿಲ್ಲ. ಆಮೇಲೆ ಹೈಲೈಟ್ಸ್, ಅಂದರೆ ತುಂಬಾ ಬೆಳಕಿರುವ ಭಾಗಗಳನ್ನು ಇಳಿಸುತ್ತೇನೆ, ಬಿಳಿ ಬಟ್ಟೆಯ ಮಡಿಕೆಗಳು ವಾಪಸ್ ಬರುತ್ತವೆ. ಟೋನ್ ಕರ್ವ್‌ನಲ್ಲಿ, ಅಂದರೆ ನೆರಳು ಬೆಳಕು ಹೊಂದಿಸುವ ಗೆರೆಯಲ್ಲಿ, ಕೆಳಗಿನ ಎಡ ತುದಿಯನ್ನು ಒಂದು ಚೂರು ಮೇಲಕ್ಕೆ ಎತ್ತುತ್ತೇನೆ. ಕಡು ಕಪ್ಪು ಸ್ವಲ್ಪ ತಿಳಿಯಾಗುತ್ತದೆ. ಕಿತ್ತಳೆ ಬಣ್ಣದ ಲ್ಯೂಮಿನನ್ಸ್ (ಹೊಳಪು) ಸ್ವಲ್ಪ ಏರಿಸಿದರೆ ಮುಖಕ್ಕೆ ಬೆಳಕು ಬರುತ್ತದೆ, ಯಾಕಂದ್ರೆ ಯಾವ ಮೈಬಣ್ಣವಾದರೂ ಬಹುಪಾಲು ಕಿತ್ತಳೆಯ ಆಸುಪಾಸಿನಲ್ಲೇ ಇರುತ್ತದೆ. ಇಲ್ಲೂ ಕೈ ಹಿಡಿತ ಬೇಕು. ಇದು ಮುಖವನ್ನು ಬೆಳಗಿಸಲು ಮಾತ್ರ, ಮೈಬಣ್ಣ ಬದಲಾಯಿಸಲು ಅಲ್ಲ.

ಕೊನೆಗೆ ಶಾರ್ಪನಿಂಗ್. ಅದರ ಮಾಸ್ಕಿಂಗ್ ಸ್ಲೈಡರ್ ಮೇಲೆ ಆಲ್ಟ್ ಒತ್ತಿ ಹಿಡಿದು ಎಳೆದರೆ ಫೋಟೋ ಕಪ್ಪು ಬಿಳುಪಾಗುತ್ತದೆ. ಬಿಳಿ ಇದ್ದಲ್ಲಿ ಮಾತ್ರ ಶಾರ್ಪ್ ಆಗುತ್ತದೆ. ಕೆನ್ನೆ, ಹಣೆ ಪೂರ್ತಿ ಕಪ್ಪಾಗಿ, ರೆಪ್ಪೆ, ತುಟಿಯ ಅಂಚು, ಒಡವೆಯ ಗೆರೆಗಳು ಮಾತ್ರ ಬಿಳಿಯಾಗಿ ಉಳಿಯುವವರೆಗೆ ಎಳೆಯುತ್ತೇನೆ. ಆ ಹಂತ ಸಿಕ್ಕಾಗ ಈಗಲೂ ಖುಷಿಯಾಗುತ್ತದೆ. ನೋಡುವವರಿಗೆ ಫೋಟೋ ಮೃದುವಾಗಿದೆ ಅನ್ನಿಸಬೇಕು, ಮಸುಕಾಗಿದೆ ಅನ್ನಿಸಬಾರದು. ಕಣ್ಣು ಮತ್ತು ಒಡವೆ ಚುರುಕಾಗಿದ್ದರೆ ಮಾತ್ರ ಕೆನ್ನೆಯ ಮೃದುತನ ಗೊತ್ತಾಗುತ್ತದೆ, ಅಲ್ವಾ?

ಇಷ್ಟೆಲ್ಲ ಇದ್ದರೂ ನಡುವೆ ಲೈಟ್‌ರೂಮ್‌ಗೆ ಜೋಡಿಸುವ ಒಂದು ಪ್ಲಗಿನ್ ಕೊಂಡಿದ್ದೆ. ಹೆಸರು ಬೇಡ. 'ಒಂದೇ ಕ್ಲಿಕ್, ಪೂರ್ತಿ ಮದುವೆ ರೆಡಿ' ಅನ್ನೋ ಜಾತಿಯದು. ಫೋನ್ ಪರದೆಯಲ್ಲಿ ಎಲ್ಲ ಚೆನ್ನಾಗೇ ಕಂಡಿತು. ಆಲ್ಬಮ್ ಪುಟದ ಅಳತೆಗೆ ಹಿಗ್ಗಿಸಿದಾಗ ಅದರ ನಿಜ ಬಯಲಾಯಿತು. ಹಣೆಯಂಚಿನ ಕೂದಲು ಚರ್ಮದ ಜೊತೆ ಕಲಸಿಹೋಗಿತ್ತು. ಸರದ ಸಣ್ಣ ಮಣಿಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಕೆನ್ನೆಯಲ್ಲಿ ಏನೂ ಉಳಿದಿರಲಿಲ್ಲ, ಬರೀ ಖಾಲಿ ಬಣ್ಣ. ನನಗೆ ತುಂಬಾ ಬೇಜಾರಾಗಿದ್ದು ವಯಸ್ಸಾದವರ ಮುಖ ನೋಡಿ. ನಕ್ಕಾಗ ಕಣ್ಣಿನ ಪಕ್ಕ ಮೂಡುವ ಗೆರೆಗಳನ್ನೆಲ್ಲ ಅದು ಅಳಿಸಿಬಿಟ್ಟಿತ್ತು. ಮನೆಯವರು ಆ ಫೋಟೋ ತೆಗೆದು ನೋಡುವುದೇ ಆ ನಗುವಿಗಾಗಿ. ದುಡ್ಡು ವಾಪಸ್ ಕೇಳಿದರೆ ಕೊಡಲಿಲ್ಲ. ಸ್ಲೈಡರ್ ಕಡಿಮೆ ಮಾಡಿ ಬಳಸಿ ಅಂದರು. ಕಡಿಮೆ ಮಾಡಿದರೂ ಅದು ಕೂದಲನ್ನು ಬಿಡಲಿಲ್ಲ.

2022ರ ಅಕ್ಟೋಬರ್‌ನಲ್ಲಿ ಲೈಟ್‌ರೂಮ್‌ಗೆ ಜನರನ್ನು ಗುರುತಿಸುವ ಮಾಸ್ಕ್ (ಫೋಟೋದ ಒಂದು ಭಾಗವನ್ನು ಮಾತ್ರ ಆರಿಸಿಕೊಡುವ ಸೌಲಭ್ಯ) ಬಂದ ಮೇಲೆ ಅಂಥ ಪ್ಲಗಿನ್ ಯಾವುದರ ಕಡೆಗೂ ನಾನು ತಿರುಗಿ ನೋಡಿಲ್ಲ. ಮುಖದ ಚರ್ಮ, ತುಟಿ, ಕಣ್ಣು, ಹಲ್ಲು, ಕೂದಲು ಎಲ್ಲ ಬೇರೆ ಬೇರೆಯಾಗಿ ಆರಿಸಬಹುದು. ಗುಂಪು ಫೋಟೋದಲ್ಲಿ ಯಾರು ಬೇಕೋ ಅವರನ್ನು ಮಾತ್ರ ಆರಿಸಬಹುದು. ಮದುಮಕ್ಕಳ ಮುಖದ ಚರ್ಮಕ್ಕೆ ಮಾತ್ರ ಟೆಕ್ಸ್ಚರ್ ಇಳಿಸುತ್ತೇನೆ. ಅಜ್ಜ, ಅಜ್ಜಿ ಅವರವರ ಮುಖದಲ್ಲೇ ಇರುತ್ತಾರೆ. ಜಾಸ್ತಿ ಆಯಿತು ಅನ್ನಿಸಿದರೆ ಮಾಸ್ಕ್‌ನ ಅಮೌಂಟ್ ಸ್ಲೈಡರ್ ಇಳಿಸಿದರೆ ಸಾಕು, ಎಲ್ಲ ಬದಲಾವಣೆಯೂ ಅದೇ ಪ್ರಮಾಣದಲ್ಲಿ ಕಮ್ಮಿಯಾಗುತ್ತದೆ. ಬ್ಯಾಕ್‌ಸ್ಲ್ಯಾಶ್ ಕೀ ಒತ್ತಿ ಮೊದಲಿನ ಫೋಟೋ ನೋಡುತ್ತೇನೆ. ಏನು ಬದಲಾಗಿದೆ ಅಂತ ಥಟ್ಟನೆ ಕಣ್ಣಿಗೆ ಹೊಡೆದರೆ ಇನ್ನೂ ಇಳಿಸಬೇಕು ಅಂತಲೇ ಅರ್ಥ.

ಒಂದು ಫೋಟೋದ ಮಾಸ್ಕ್ ಅನ್ನು ಬೇರೆ ನೂರಾರು ಫೋಟೋಗಳಿಗೆ ಹಚ್ಚಿದಾಗ ಪ್ರತಿ ಫೋಟೋದಲ್ಲೂ ಮುಖವನ್ನು ಹೊಸದಾಗಿ ಹುಡುಕಬೇಕಾಗುತ್ತದೆ. ಅದಕ್ಕೆ ಸಮಯ ಹಿಡಿಯುತ್ತದೆ. ಕಂಪ್ಯೂಟರ್‌ಗೆ ದುಡ್ಡು ಹಾಕುವುದಾದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ.

ಚಂದಾ ಕಟ್ಟುತ್ತಲೇ ಇರಬೇಕು ಅನ್ನುವುದು ನಿಜ. ತಿಂಗಳು ತಿಂಗಳು ಕೆಲಸ ಇರುವ ನನ್ನಂಥವರಿಗೆ ಅದು ಹೊರೆಯಲ್ಲ. ನಿಮ್ಮದೇ ಮನೆಯ ಒಂದು ಮದುವೆ ಫೋಟೋಗಳಿಗಾಗಿ ಮಾತ್ರವಾದರೆ ಡಾರ್ಕ್‌ಟೇಬಲ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ನೋಡಿ. ಅದು ಪೂರ್ತಿ ಉಚಿತ. ಅದರ ರೀಟಚ್ ಮಾಡ್ಯೂಲ್ ಫೋಟೋವನ್ನು ಸಣ್ಣ, ದೊಡ್ಡ ವಿವರಗಳ ಪದರಗಳಾಗಿ ಬಿಡಿಸಿಕೊಡುತ್ತದೆ. ಕಲಿಯಲು ತಾಳ್ಮೆ ಬೇಕು, ಕೈ ಕೂತ ಮೇಲೆ ಫಲ ಚೆನ್ನಾಗಿದೆ.

ಲೈಟ್‌ರೂಮ್ ಚಂದಾ ನಿಲ್ಲಿಸುವ ಯೋಚನೆ ಇದ್ದರೆ ಒಂದು ಮಾತು. ಆಮೇಲೂ ಕ್ಯಾಟಲಾಗ್ (ಲೈಟ್‌ರೂಮ್‌ನಲ್ಲಿರುವ ಫೋಟೋಗಳ ಪಟ್ಟಿ) ತೆರೆಯುತ್ತದೆ, ಫೋಟೋ ನೋಡಬಹುದು, ಎಕ್ಸ್‌ಪೋರ್ಟ್ ಕೂಡ ಮಾಡಬಹುದು. ಎಡಿಟ್ ಮಾಡುವ ಡೆವಲಪ್ ಮಾಡ್ಯೂಲ್ ಮತ್ತು ಮ್ಯಾಪ್ ಮಾಡ್ಯೂಲ್ ಮುಚ್ಚಿರುತ್ತವೆ. ಕೈಲಿರುವ ಆಲ್ಬಮ್‌ಗಳ ಕೆಲಸ ಮುಗಿಸಿಕೊಂಡೇ ನಿಲ್ಲಿಸಿ.