ಆರು ಮಳೆಗಾಲ ಕಂಡ ಜಲನಿರೋಧಕ ಬಣ್ಣ: ಉಡುಪಿಯ ಮನೆಯೊಂದರ ಅನುಭವ

ಏಳು ವರ್ಷಗಳ ವಾರಂಟಿ ಇದ್ದ, ಗೋಡೆಯ ಜೊತೆ ಹಿಗ್ಗಿ ಕುಗ್ಗುವ ಅಕ್ರಿಲಿಕ್ ಜಲನಿರೋಧಕ ಬಣ್ಣವನ್ನು ಉಡುಪಿ ಸಮೀಪದ ನಮ್ಮ ಮನೆಯ ಹೊರಗೋಡೆಗಳಿಗೆ 2019ರ ಜನವರಿಯಲ್ಲಿ ಎರಡು ಕೋಟ್ ಹೊಡೆಸಿದೆವು. ಮನೆ ಮುರಕಲ್ಲಿನದು (ಜಂಬಿಟ್ಟಿಗೆ ಕಲ್ಲು), ಮೇಲೆ ಸಿಮೆಂಟಿನ ಸಾರಣೆ. ಅದೇ ಡಬ್ಬ, ಅದೇ ಕೆಲಸಗಾರರು, ಅದೇ ವಾರ. ಆದರೂ ಒಂದೊಂದು ಗೋಡೆಯ ಫಲಿತಾಂಶ ಒಂದೊಂದು ಬಗೆಯಾದುದರಿಂದ, ಈ ಬಣ್ಣಕ್ಕೆ ಒಟ್ಟಾರೆಯಾಗಿ ಇಷ್ಟು ಅಂಕ ಎಂದು ಕೊಡಲು ನನ್ನಿಂದಾಗದು.

ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಊರಿನಲ್ಲಿ ಗಾಳಿಮಳೆಯ ಹೊಡೆತವನ್ನು ನೇರವಾಗಿ ತಿನ್ನುವುದು ಪಡುವಣ ಗೋಡೆ. ಹಿಂದೆ ಸಾಧಾರಣ ಎಮಲ್ಷನ್ ಅಲ್ಲಿ ಎರಡು ಮಳೆಗಾಲಕ್ಕೇ ಹಕ್ಕಳೆ ಎದ್ದಿತ್ತು. ಈ ಬಣ್ಣ ಆರು ಮಳೆಗಾಲ ಕಳೆದರೂ ಅಲ್ಲಿ ಗಟ್ಟಿಯಾಗಿ ನಿಂತಿದೆ. ಕೂದಲೆಳೆಯಂಥ ಬಿರುಕುಗಳನ್ನೂ ಮುಚ್ಚಿಕೊಂಡಿದೆ. ಸಜ್ಜಾದ ಕೆಳಗೆ ಪಾಚಿ, ಬಿಸಿಲಿಗೆ ತುಸು ಮಾಸಿದ ಬಣ್ಣ, ಇಷ್ಟೇ ದೂರು. ಬಣ್ಣಕ್ಕೆ ಮೊದಲು ಹಳೆಯ ಪಾಚಿಯನ್ನು ಉಜ್ಜಿ ತೊಳೆದು, ಬಿರುಕು ತುಂಬಿ, ಗೋಡೆ ಪೂರ್ತಿ ಒಣಗಿದ ಮೇಲೆಯೇ ಪ್ರೈಮರ್ (ಬಣ್ಣದ ಅಡಿಯ ಪದರ) ಹಚ್ಚಿದ್ದರಿಂದ ಈ ಬಾಳಿಕೆಯಲ್ಲಿ ಕೆಲಸಗಾರರ ಪಾಲೂ ದೊಡ್ಡದು.

ಸ್ನಾನದ ಮನೆಯ ಹಿಂಬದಿಯ ಗೋಡೆಯಲ್ಲಿ ಮೊದಲ ಮಳೆಗಾಲದಲ್ಲೇ ಅಂಗೈಯಗಲದ ಗುಳ್ಳೆಗಳೆದ್ದವು. ಒಳಗಿನಿಂದ ಬರುವ ತೇವಕ್ಕೆ ವಾರಂಟಿ ಅನ್ವಯಿಸದೆಂದು ಅಂಗಡಿಯವರು ಹೇಳಿದಾಗ ನನಗೆ ಸಿಟ್ಟು ಬಂದದ್ದು ನಿಜ, ಏಕೆಂದರೆ ಮಾರುವಾಗ ಆ ಮಾತನ್ನು ಯಾರೂ ಎತ್ತಿರಲಿಲ್ಲ. ಗುಳ್ಳೆಯೊಂದನ್ನು ಕುಯ್ದು ನೋಡಿದರೆ ಒಳಗೆ ನೀರಿತ್ತು. ಕಿತ್ತ ಹಕ್ಕಳೆಯ ಹಿಂಬದಿಗೆ ಹಳೆಯ ಸುಣ್ಣದ ಪುಡಿ ಅಂಟಿಕೊಂಡಿತ್ತು. ಪೈಪಿನ ಜೋಡಣೆಯಲ್ಲಿ ಒಸರುತ್ತಿದ್ದ ನೀರು ಒಂದು ಕಾರಣ, ಪೂರ್ತಿ ಕೆರೆದು ತೆಗೆಯದ ಸುಣ್ಣ ಇನ್ನೊಂದು. ಬಣ್ಣ ಹಿಡಿದುಕೊಂಡದ್ದು ಸುಣ್ಣವನ್ನು. ಆ ಸುಣ್ಣಕ್ಕೇ ಗೋಡೆಯ ಮೇಲೆ ಹಿಡಿತವಿರಲಿಲ್ಲ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಗೋಡೆಗಳ ಬುಡ. ಮುರಕಲ್ಲು ತೂತುತೂತಾದ ಕಲ್ಲು. ಅಡಿಪಾಯದ ಮೇಲೆ ತೇವ ತಡೆಯುವ ಪದರ ಇಲ್ಲದಿದ್ದರೆ, ದೀಪದ ಬತ್ತಿ ಎಣ್ಣೆ ಹೀರುವಂತೆ ಅದು ನೆಲದ ನೀರನ್ನು ಮೇಲಕ್ಕೆ ಹೀರುತ್ತದೆ. ನಮ್ಮ ಮನೆಗೆ ಆ ಪದರವಿಲ್ಲ. ಸಾಲದೆಂಬಂತೆ ಅಂಗಳಕ್ಕೆ ಇಂಟರ್‌ಲಾಕ್ ಹಾಸಿದಾಗ ನೆಲದ ಮಟ್ಟ ಅರ್ಧ ಅಡಿ ಏರಿ, ಗೋಡೆಯ ಬುಡ ಮಣ್ಣಿನಲ್ಲಿ ಹೂತುಹೋಗಿತ್ತು. ಸುಣ್ಣ ಬಳಿದಿದ್ದ ಕಾಲದಲ್ಲಿ ಗೋಡೆ ಹೀರಿದ ನೀರು ಬೇಸಿಗೆಯಲ್ಲಿ ಆರಿಹೋಗುತ್ತಿತ್ತು. ಈ ದಪ್ಪ ಪದರ ಹೊರಗಿನ ಮಳೆಯನ್ನು ತಡೆಯುವಂತೆಯೇ ಒಳಗಿನ ಪಸೆಯನ್ನೂ ಕಟ್ಟಿಹಾಕಿತು. ನೀರಿನೊಡನೆ ಬಂದ ಲವಣಗಳು ಬಣ್ಣದ ಹಿಂದೆ ಹರಳುಗಟ್ಟಿ ಅದನ್ನು ಒತ್ತಿ ಎಬ್ಬಿಸಿದವು. ಕೆರೆದಾಗ ಉದುರಿದ ಬಿಳಿ ಉಪ್ಪನ್ನು ಬೂಷ್ಟೆಂದು ತಿಳಿದು ಮೊದಲ ವರ್ಷ ನೀರಿನಿಂದ ತೊಳೆಸಿದ್ದು ನಮ್ಮ ತಪ್ಪು. ಅದನ್ನು ಒಣ ಬ್ರಷ್ಷಿನಿಂದ ಗುಡಿಸಿ ತೆಗೆಯಬೇಕಿತ್ತು.

2021ರ ಫೆಬ್ರವರಿಯಲ್ಲಿ ಪೈಪು ಸರಿಪಡಿಸಿ, ಗೋಡೆಯ ಪಕ್ಕದ ಮಣ್ಣು ತೆಗೆಸಿ, ನೀರು ಹೊರಗೆ ಹರಿಯುವಂತೆ ಇಳಿಜಾರು ಮಾಡಿಸಿದೆವು. ಎದ್ದ ಬಣ್ಣವನ್ನೂ ಸುಣ್ಣವನ್ನೂ ಸಾರಣೆ ಕಾಣುವವರೆಗೆ ಕೆರೆಸಿ, ಏಪ್ರಿಲ್ ಕೊನೆಯವರೆಗೆ ಗೋಡೆಯನ್ನು ಹಾಗೆಯೇ ಒಣಗಲು ಬಿಟ್ಟೆವು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚನ್ನು ಟೇಪಿನಿಂದ ಗೋಡೆಗೆ ಅಂಟಿಸಿ ಒಂದು ದಿನ ಬಿಟ್ಟು, ಅದರ ಒಳಮೈಯಲ್ಲಿ ಹನಿ ಕಟ್ಟುವುದು ನಿಂತ ಮೇಲೆಯೇ ಸ್ನಾನದ ಮನೆಯ ಗೋಡೆಗೆ ಪ್ರೈಮರ್ ಮತ್ತು ಅದೇ ಬಣ್ಣ ಹಚ್ಚಿಸಿದೆವು. ಅಲ್ಲಿ ಮತ್ತೆ ಗುಳ್ಳೆ ಬಂದಿಲ್ಲ. ಬುಡದ ಮೂರು ಅಡಿಗೆ ಮಾತ್ರ ಬರೀ ಸುಣ್ಣ. ಪ್ರತಿ ವರ್ಷ ದೀಪಾವಳಿಯ ಬಳಿಕ ಮತ್ತೆ ಬಳಿಯಬೇಕಾಗುತ್ತದೆ, ಆದರೆ ಸಾರಣೆ ಹಾಳಾಗಿಲ್ಲ.

ಪಡುವಣ ಗೋಡೆಗೆ ಇದೇ ಬಣ್ಣವನ್ನು ಇನ್ನೊಮ್ಮೆ ಕೊಳ್ಳುತ್ತೇನೆ. ತೇವ ಎಲ್ಲಿಂದ ಬರುತ್ತಿದೆಯೆಂದು ತಿಳಿಯದ ಗೋಡೆಗೆ ಇದನ್ನು ಹಚ್ಚಬೇಡಿ, ಮತ್ತು ಹಣ ಕೊಡುವ ಮೊದಲು ವಾರಂಟಿ ಕಾರ್ಡಿನ ಹಿಂಬದಿಯನ್ನು ಅಂಗಡಿಯಲ್ಲೇ ನಿಂತು ಓದಿ.