ವನ್ಯಧಾಮದ ದಾರಿಯಲ್ಲಿ ವಿದ್ಯುತ್ ಕಾರುಗಳ ಗುಂಪು: ದೀರ್ಘಕಾಲದ ಬಳಕೆಯ ವಿಮರ್ಶೆ

ಗೆಳೆಯರ ಗುಂಪಿನೊಂದಿಗೆ ವನ್ಯಧಾಮಗಳಿಗೆ ಹೋಗಿಬರಲು ನಾನು ಕೆಲವು ವರ್ಷಗಳಿಂದ ಬಳಸುತ್ತಿರುವುದು ಸುಮಾರು 60 ಯೂನಿಟ್ (ಕಿಲೋವ್ಯಾಟ್-ಅವರ್) ಬ್ಯಾಟರಿಯುಳ್ಳ ಮಧ್ಯಮ ಗಾತ್ರದ ವಿದ್ಯುತ್ ಕಾರು. ಗುಂಪಿನ ಉಳಿದ ಕಾರುಗಳೂ ವಿದ್ಯುತ್ತಿನವೇ, ಆದರೆ ಬೇರೆ ಬೇರೆ ತಯಾರಕರವು, ಬೇರೆ ಬೇರೆ ಸಾಮರ್ಥ್ಯದವು. ಒಂದೇ ಕಾರನ್ನು ಓಡಿಸಿ ನೋಡಿ ಬರೆದ ವಿಮರ್ಶೆಗಳು ಬೇಕಾದಷ್ಟಿವೆ; ಹಲವು ಕಾರುಗಳು ಒಟ್ಟಿಗೆ ಹೊರಟು, ಗೇಟು ಮುಚ್ಚುವುದರೊಳಗೆ ಕಾಡನ್ನು ಸೇರಬೇಕಾದಾಗ ಲೆಕ್ಕ ಹೇಗೆ ಬದಲಾಗುತ್ತದೆ ಎಂದು ಬರೆದವರು ಕಡಿಮೆ. ಒಂದು ಚಾರ್ಜಿಗೆ ಯಾವ ಕಾರು ಎಷ್ಟು ದೂರ ಓಡುತ್ತದೆ ಎಂಬ ಚರ್ಚೆಗೆ ನಮ್ಮಲ್ಲಿ ಸಿಗುವ ಮಹತ್ವ ಅತಿಯಾಯಿತೆಂದು ನನಗೆ ಅನಿಸುತ್ತದೆ. ದಾರಿಯಲ್ಲಿ ಸಿಗುವ ಚಾರ್ಜರ್ ಏಕಕಾಲಕ್ಕೆ ಎಷ್ಟು ಕಾರುಗಳಿಗೆ ಎಷ್ಟು ವಿದ್ಯುತ್ ಕೊಡಬಲ್ಲುದು ಎಂಬುದೇ ಇಡೀ ಗುಂಪಿನ ವೇಳಾಪಟ್ಟಿಯನ್ನು ನಿರ್ಧರಿಸುತ್ತದೆ.

ಹೆದ್ದಾರಿಯ ಚಾರ್ಜಿಂಗ್ ಕೇಂದ್ರಗಳಲ್ಲಿ ಸಾಮಾನ್ಯವಾಗಿ ಕಾಣುವ, ಎರಡು ಗನ್ನುಗಳುಳ್ಳ (ಕಾರಿಗೆ ಸಿಕ್ಕಿಸುವ ಚಾರ್ಜಿಂಗ್ ಪ್ಲಗ್ಗುಗಳು) 60 ಕಿಲೋವ್ಯಾಟ್ ಯಂತ್ರವನ್ನೇ ತೆಗೆದುಕೊಳ್ಳೋಣ. ಮೊದಲ ಕಾರಿಗೆ ಗನ್ ಚುಚ್ಚಿದಾಗ ಪರದೆಯ ಮೇಲಿನ ಕಿಲೋವ್ಯಾಟ್ ಅಂಕಿ ಐವತ್ತನ್ನು ದಾಟಿ ಏರುತ್ತದೆ. ಎರಡನೆಯ ಕಾರು ಪಕ್ಕಕ್ಕೆ ಬಂದು ಇನ್ನೊಂದು ಗನ್ನನ್ನು ಸಿಕ್ಕಿಸಿದ ಕ್ಷಣವೇ ಅದೇ ಅಂಕಿ ಮೂವತ್ತರ ಆಸುಪಾಸಿಗೆ ಇಳಿದು ಅಲ್ಲೇ ನಿಲ್ಲುತ್ತದೆ. ಯಂತ್ರದ ಒಟ್ಟು ಸಾಮರ್ಥ್ಯ ಇಬ್ಬರಿಗೂ ಹಂಚಿಹೋಗುವುದರಿಂದ, 20 ಶೇಕಡಾದಿಂದ 80 ಶೇಕಡಾದವರೆಗೆ ತುಂಬಲು ಬೇಕಾದ 36 ಯೂನಿಟ್‌ಗಳಿಗೆ ಮುಕ್ಕಾಲು ಗಂಟೆಯೊಳಗೆ ಮುಗಿಯಬೇಕಾದ ಕೆಲಸ ಒಂದು ಗಂಟೆ ಹತ್ತು ನಿಮಿಷವನ್ನೂ ಮೀರುತ್ತದೆ. ಮೂರನೆಯ ಮತ್ತು ನಾಲ್ಕನೆಯ ಕಾರುಗಳು ಅಷ್ಟೂ ಹೊತ್ತು ಸುಮ್ಮನೆ ಕಾಯಬೇಕು. ಇದರ ಮೇಲೆ ಯಾರಾದರೊಬ್ಬರು ನೂರು ಶೇಕಡಾ ತುಂಬಿಸಿಕೊಂಡೇ ಹೊರಡುತ್ತೇನೆಂದು ಹಟ ಹಿಡಿದರೆ ಆ ದಿನದ ಸಂಜೆಯ ಸಫಾರಿ ಕೈತಪ್ಪಿತೆಂದೇ ತಿಳಿಯಬೇಕು, ಏಕೆಂದರೆ 80 ಶೇಕಡಾದ ನಂತರ ಬ್ಯಾಟರಿಯ ಕೋಶಗಳಿಗೆ ಹಾನಿಯಾಗದಂತೆ ಕಾರೇ ಕರೆಂಟನ್ನು ಕಡಿಮೆ ಮಾಡುತ್ತಾ ಹೋಗುತ್ತದೆ. ಕೊನೆಯ ಇಪ್ಪತ್ತು ಶೇಕಡಾಕ್ಕೆ ಅದರ ಹಿಂದಿನ ಅರವತ್ತಕ್ಕೆ ಹಿಡಿದಷ್ಟೇ ಸಮಯ ಹಿಡಿಯುವುದೂ ಉಂಟು.

ಆದ್ದರಿಂದ ನಮ್ಮ ಗುಂಪು ಈಗ ಸಾಲಾಗಿ, ಒಟ್ಟೊಟ್ಟಿಗೆ ಓಡುವ ಪದ್ಧತಿಯನ್ನು ಬಿಟ್ಟಿದೆ. ಚಿಕ್ಕ ಬ್ಯಾಟರಿಯ ಕಾರು ಎಲ್ಲರಿಗಿಂತ ಮೊದಲು ಹೊರಡುತ್ತದೆ, ಉಳಿದವು ಮುಕ್ಕಾಲು ಗಂಟೆಯ ಅಂತರದಲ್ಲಿ ಹಿಂಬಾಲಿಸುತ್ತವೆ ಅಥವಾ ಬೇರೊಂದು ಕೇಂದ್ರಕ್ಕೆ ಹೋಗುತ್ತವೆ. 80 ಶೇಕಡಾ ಆಯಿತೆಂದರೆ ಗನ್ ತೆಗೆದು ಜಾಗ ಬಿಡುವುದು ಎಲ್ಲರೂ ಒಪ್ಪಿಕೊಂಡ ನಿಯಮ. ಜೊತೆಜೊತೆಯಾಗಿ ಹೋಗುವ ಸೊಗಸು ಇದರಿಂದ ಕಡಿಮೆಯಾಗುತ್ತದೆ ಎಂಬ ಆಕ್ಷೇಪ ನ್ಯಾಯವಾದದ್ದೇ, ಆದರೂ ಎಲ್ಲರೂ ಬೆಳಕಿರುವಾಗಲೇ ಗೇಟು ತಲುಪುವುದು ಅದಕ್ಕಿಂತ ಮುಖ್ಯ.

ವೇಗದ ವಿಷಯದಲ್ಲಿಯೂ ಗುಂಪಿಗೆ ಒಂದು ಒಪ್ಪಂದ ಬೇಕು. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಗಂಟೆಗೆ 80 ಕಿಲೋಮೀಟರ್‌ನಿಂದ 110ಕ್ಕೆ ಏರಿದರೆ ಆ ತಡೆ ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ, ಮತ್ತು ರಸ್ತೆಯಲ್ಲಿ ಉಳಿಸಿದ ಸಮಯವನ್ನು ಚಾರ್ಜರ್ ಮುಂದೆ ಬಡ್ಡಿಸಮೇತ ಕೊಡಬೇಕಾಗುತ್ತದೆ. ಏರುದಾರಿಯ ಖರ್ಚನ್ನು ಮಾತ್ರ ಜನ ಅಗತ್ಯಕ್ಕಿಂತ ಹೆಚ್ಚು ಹೆದರಿಕೆಯಿಂದ ನೋಡುತ್ತಾರೆ. ಪ್ರಯಾಣಿಕರೂ ಸಾಮಾನೂ ಸೇರಿ 1,800 ಕಿಲೋ ತೂಗುವ ಕಾರನ್ನು 1,000 ಮೀಟರ್ ಎತ್ತರಕ್ಕೆ ಏರಿಸಲು ತಾತ್ವಿಕವಾಗಿ ಬೇಕಾಗುವುದು ಐದು ಯೂನಿಟ್‌ಗಿಂತ ತುಸು ಕಡಿಮೆ. ನಷ್ಟಗಳನ್ನು ಸೇರಿಸಿದರೆ ಇನ್ನಷ್ಟು. ಇಳಿಯುವಾಗ ಮೋಟಾರೇ ಜನರೇಟರಿನಂತೆ ಕೆಲಸ ಮಾಡಿ ಅದರಲ್ಲಿ ಗಣನೀಯ ಪಾಲನ್ನು ಹಿಂದಿರುಗಿಸುತ್ತದೆ. ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಲೇಬೇಕು: ತಂಗುವ ಸ್ಥಳ ಬೆಟ್ಟದ ಮೇಲಿದ್ದರೆ ಬೆಳಿಗ್ಗೆ ಬ್ಯಾಟರಿಯನ್ನು ಪೂರ್ತಿ ತುಂಬಿಸಿ ಇಳಿಯಬಾರದು. ತುಂಬಿದ ಬ್ಯಾಟರಿಗೆ ಮರಳಿ ಬರುವ ವಿದ್ಯುತ್ತನ್ನು ಇಟ್ಟುಕೊಳ್ಳಲು ಜಾಗವಿಲ್ಲದೆ ಮೋಟಾರಿನ ತಡೆ ಕ್ಷೀಣಿಸುತ್ತದೆ, ಇಳಿಜಾರಿನ ಭಾರವೆಲ್ಲ ಬ್ರೇಕುಗಳ ಮೇಲೆ ಬೀಳುತ್ತದೆ.

ಕಾಡಿನಂಚಿನ ವಸತಿಗೃಹಗಳಲ್ಲಿ ವೇಗದ ಚಾರ್ಜರ್ ಇರುವುದು ಅಪರೂಪ. 16 ಆಂಪಿಯರ್ ಸಾಕೆಟ್ಟಿನಿಂದ ಗಂಟೆಗೆ ಸುಮಾರು ಮೂರು ಯೂನಿಟ್ ಸಿಗುವುದರಿಂದ ಒಂದು ರಾತ್ರಿಗೆ 30 ಯೂನಿಟ್ ಸೇರಿದರೂ ಮರುದಿನಕ್ಕೆ ಅದು ಧಾರಾಳವಾಯಿತು. ಆದರೆ ಹಳೆಯ ವೈರಿಂಗಿನ ಒಂದೇ ಲೈನಿಗೆ ಎರಡು ಕಾರುಗಳನ್ನು ಜೋಡಿಸುವುದು ಅಪಾಯಕಾರಿ. ಚಾರ್ಜ್ ಆರಂಭಿಸಿದ ಅರ್ಧ ಗಂಟೆಯ ನಂತರ ಪ್ಲಗ್ಗನ್ನು ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಕರೆಂಟನ್ನು 10 ಆಂಪಿಯರಿಗೆ ಇಳಿಸುವುದು ಕ್ಷೇಮ. ಮಾಲೀಕರ ಅನುಮತಿ ಕೇಳಿ, ಬಳಸಿದ ಯೂನಿಟ್‌ಗಳಿಗೆ ಹಣ ಕೊಡುವುದು ನಾವು ತಪ್ಪದೆ ಪಾಲಿಸುವ ಕ್ರಮ.

ಸ್ವಂತ ವಾಹನಕ್ಕೆ ಪ್ರವೇಶವಿರುವ ವನ್ಯಧಾಮದೊಳಗೆ ಈ ಕಾರಿನ ನಿಜವಾದ ಗುಣ ತಿಳಿಯುತ್ತದೆ. ಇಂಧನದ ಎಂಜಿನ್ನು ನಿಧಾನಗತಿಯಲ್ಲಿ, ನಿಂತು ನಿಂತು ಸಾಗುವಾಗ ಅತ್ಯಂತ ದುಂದು ಮಾಡುತ್ತದೆ. ವಿದ್ಯುತ್ ಮೋಟಾರು ನಿಂತಾಗ ಏನನ್ನೂ ಬಳಸುವುದಿಲ್ಲ. ಏಸಿ ಹಾಕಿಕೊಂಡು ಒಂದು ಗಂಟೆ ನಿಂತಿದ್ದರೂ ಸಾಮಾನ್ಯ ಬಿಸಿಲಿನಲ್ಲಿ ಒಂದು ಯೂನಿಟ್ಟೋ ಒಂದೂವರೆಯೋ ಖರ್ಚಾದೀತು. ಅದಕ್ಕಿಂತ ದೊಡ್ಡ ಲಾಭವೆಂದರೆ ಕಿವಿಗೆ ಸಿಗುವುದು. ಆನೆಯೊಂದು ದಾರಿಯ ಬದಿಯಲ್ಲಿ ಮೇಯುತ್ತಿದ್ದಾಗ ನಾವು ಸಾಕಷ್ಟು ದೂರದಲ್ಲಿ ನಿಂತು ಏಸಿಯನ್ನೂ ಆರಿಸಿ, ಕಿಟಕಿಯನ್ನು ಎರಡು ಬೆರಳಷ್ಟು ಇಳಿಸಿದ್ದೆವು. ಅದು ಸೊಂಡಿಲಿನಿಂದ ಹುಲ್ಲಿನ ಬುಡವನ್ನು ಸುತ್ತಿ ಕಿತ್ತಾಗ ಬೇರು ಹರಿಯುವ ಸದ್ದು, ಮಣ್ಣು ಉದುರಲೆಂದು ಅದನ್ನು ಮುಂಗಾಲಿಗೆ ಬಡಿಯುವ ಸದ್ದು, ಎರಡೂ ಬೇರೆ ಬೇರೆಯಾಗಿ ಕೇಳಿಸಿದವು. ನಡುಗುವ ಡೀಸೆಲ್ ಎಂಜಿನ್ನಿನ ಮೇಲೆ ಕೂತು ಇದನ್ನು ಕೇಳುವುದು ಸಾಧ್ಯವಿರಲಿಲ್ಲ.

ಹಾಗೆಂದು ಈ ಕಾರುಗಳು ಪೂರ್ಣ ನಿಶ್ಶಬ್ದವೆಂದು ಭಾವಿಸಬಾರದು. ಪಾದಚಾರಿಗಳ ಸುರಕ್ಷತೆಗಾಗಿ, ವಿಶ್ವಸಂಸ್ಥೆಯ ವಾಹನ ನಿಯಮ 138ರ ಪ್ರಕಾರ ಗಂಟೆಗೆ 20 ಕಿಲೋಮೀಟರ್‌ವರೆಗಿನ ವೇಗದಲ್ಲಿ ಕಾರು ಕೃತಕ ಸದ್ದನ್ನು ಹೊರಡಿಸಬೇಕು, ಹಿಂದಕ್ಕೆ ಚಲಿಸುವಾಗಲೂ ಸದ್ದು ಇರಬೇಕು. ಊರೊಳಗೆ ಈ ನಿಯಮ ಅತ್ಯಗತ್ಯ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ವನ್ಯಧಾಮದ ವೇಗಮಿತಿ ಬಹುಮಟ್ಟಿಗೆ ಇದರ ಆಸುಪಾಸಿನಲ್ಲೇ ಇರುವುದರಿಂದ ಸಫಾರಿಯ ಬಹುಭಾಗ ಆ ಗುಂಯ್‌ಗುಡುವಿಕೆ ಜೊತೆಗಿರುತ್ತದೆ. ಮುಂದೆ ನಿಂತ ಪ್ರಾಣಿಗೆ ದಾರಿ ಬಿಟ್ಟು ಮೆಲ್ಲನೆ ಹಿಂದೆ ಸರಿಯಬೇಕಾದಾಗ ಹಿಂಬದಿಯ ಬೀಪ್ ಸದ್ದು ಕೂಡ ಸೇರಿಕೊಳ್ಳುತ್ತದೆ. ಆದ್ದರಿಂದ ಹಿಂದೆ ಸರಿಯುವ ಅಗತ್ಯವೇ ಬಾರದಷ್ಟು ದೂರವನ್ನು ಮೊದಲೇ ಕಾಯ್ದುಕೊಳ್ಳುತ್ತೇವೆ. ಕಾರನ್ನು ಲಾಕ್ ಮಾಡಿದಾಗ ಹಾರ್ನ್ ಮೊಳಗುವುದನ್ನೂ ದೀಪಗಳು ಮಿನುಗುವುದನ್ನೂ ಸೆಟ್ಟಿಂಗ್ಸ್‌ನಲ್ಲಿ ಆರಿಸಬಹುದಾದ ಕಾರುಗಳಿವೆ. ಕಾಡಿಗೆ ಹೊರಡುವ ಮುನ್ನ ಗುಂಪಿನ ಪ್ರತಿಯೊಬ್ಬರೂ ಅದನ್ನು ಪರೀಕ್ಷಿಸಬೇಕೆಂದು ಒತ್ತಾಯಿಸುತ್ತೇನೆ.

ವರ್ಷಗಳ ಬಳಕೆಯಲ್ಲಿ ಬ್ಯಾಟರಿಯ ಬಗ್ಗೆ ದೂರಲು ಕಾರಣ ಸಿಕ್ಕಿಲ್ಲ. ಲಿಥಿಯಂ ಐರನ್ ಫಾಸ್ಫೇಟ್ ಎಂಬ ಬಗೆಯ ಬ್ಯಾಟರಿಯ ಕಾರಿನವರು ಮಾತ್ರ ಆಗಾಗ ನೂರು ಶೇಕಡಾ ತುಂಬಿಸಬೇಕು, ಇಲ್ಲವಾದರೆ ಪರದೆಯ ಶೇಕಡಾ ಅಂಕಿ ನಿಜಸ್ಥಿತಿಯಿಂದ ದೂರ ಸರಿಯುತ್ತದೆ. ಬ್ರೇಕ್ ಪ್ಯಾಡುಗಳು ಬಹುಕಾಲ ಬಾಳುತ್ತವೆ, ಟೈರುಗಳು ಕಾರಿನ ತೂಕದಿಂದಾಗಿ ಬೇಗ ಸವೆಯುತ್ತವೆ. ನನ್ನ ದೊಡ್ಡ ಅಸಮಾಧಾನ ಸ್ಟೆಪ್ನಿಯದು: ಜಾಗ ಮತ್ತು ತೂಕ ಉಳಿಸುವ ನೆಪದಲ್ಲಿ ಅದನ್ನು ಕೈಬಿಟ್ಟು ಪಂಕ್ಚರ್ ಕಿಟ್ ಕೊಡುವುದು ಹೆದ್ದಾರಿಗೆ ಸರಿಹೋಗಬಹುದು, ಕಲ್ಲುದಾರಿಯಲ್ಲಿ ಟೈರಿನ ಪಕ್ಕೆ ಸೀಳಿದರೆ ಆ ಅಂಟು ದ್ರವ ನಿಷ್ಪ್ರಯೋಜಕ, ಕಾಡಿನೊಳಗೆ ಕಾರಿನಿಂದಿಳಿದು ನಿಲ್ಲಲೂ ಅನುಮತಿಯಿಲ್ಲ. ನಮ್ಮ ಗುಂಪಿನಲ್ಲಿ ಒಂದೇ ಅಳತೆಯ ಚಕ್ರವಿರುವ ಇಬ್ಬರು ಸೇರಿ ಒಂದು ಸ್ಟೆಪ್ನಿ ಕೊಂಡು, ಡಿಕ್ಕಿಯಲ್ಲಿ ಜಾಗವಿರುವ ಕಾರಿನಲ್ಲಿ ಇಟ್ಟುಕೊಂಡೇ ಹೊರಡುತ್ತಾರೆ.