ತಾರಸಿ ಮೇಲಿನ ಬಯೋಗ್ಯಾಸ್: ಎಂಟು ತಿಂಗಳ ನಂತರ

ಬನಶಂಕರಿಯ ನಮ್ಮ ಮನೆ ತಾರಸಿಯಲ್ಲಿ 1 ಘನ ಮೀಟರ್ ಬಯೋಗ್ಯಾಸ್ ಟ್ಯಾಂಕ್ ಕೂರಿಸಿ ಎಂಟು ತಿಂಗಳಾಯಿತು. ಮೊದಲೇ ಹೇಳುತ್ತೇನೆ, ಸಿಲಿಂಡರ್ ಬಿಟ್ಟುಬಿಡಬಹುದು ಅಂದುಕೊಂಡು ಕೊಳ್ಳಬೇಡಿ. ಐದು ಜನರ ಮನೆಯ ತರಕಾರಿ ಸಿಪ್ಪೆ, ಉಳಿದ ಅನ್ನ ಸಾರು, ಅಕ್ಕಿ ತೊಳೆದ ನೀರು ಎಲ್ಲಾ ಸುರಿದರೂ ಬೆಳಗಿನ ಕಾಫಿ, ಹಾಲು, ಒಂದು ಕುಕ್ಕರ್ ಅನ್ನಕ್ಕೆ ಸಾಲುವಷ್ಟು ಉರಿ, ಅಷ್ಟೇ.

ಶುರುವಿಗೆ ಸಗಣಿ ಬೇಕು. ಬೆಂಗಳೂರಲ್ಲಿ ಸಗಣಿ ಹುಡುಕುವುದೇ ಒಂದು ಕಥೆ, ಕೊನೆಗೆ ಹಾಲಿನವರ ಕೊಟ್ಟಿಗೆಯಿಂದ ಡ್ರಮ್‌ನಲ್ಲಿ ತಂದೆವು. ಆಮೇಲೆ ಮೂರು ವಾರ ಸುಮ್ನೆ ಕಾಯುವುದು. ಮೊದಮೊದಲು ಬರುವ ಗ್ಯಾಸಿನಲ್ಲಿ ಉರಿಯುವ ಮೀಥೇನ್ ಕಡಿಮೆ, ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಹತ್ತುವುದೇ ಇಲ್ಲ.

ನಿಂಬೆ, ಕಿತ್ತಳೆ ಸಿಪ್ಪೆ ಜಾಸ್ತಿ ಹಾಕಬಾರದು ಅಂತ ಕೂರಿಸಿದವರು ಹೇಳಲೇ ಇಲ್ಲ, ಒಂದು ಸಲ ಜ್ಯೂಸ್ ಮಾಡಿದ ಸಿಪ್ಪೆಯನ್ನೆಲ್ಲಾ ಹಾಕಿದೆ, ಒಳಗೆಲ್ಲಾ ಹುಳಿಯಾಗಿ ಗ್ಯಾಸ್ ನಿಂತೇಹೋಯಿತು, ಕೊಳೆತ ಮೊಟ್ಟೆ ವಾಸನೆಗೆ ಪಕ್ಕದ ಮನೆಯವರು ಬಂದು ವಿಚಾರಿಸಿದರು. 'ನಾಳೆ ಬರ್ತೀವಿ' ಅಂದ ಸರ್ವಿಸ್‌ನವರು ಬಂದದ್ದು ಹನ್ನೊಂದು ದಿನಕ್ಕೆ! ಡಿಸೆಂಬರ್ ಚಳಿಯಲ್ಲೂ ಉರಿ ಇಳಿಯುತ್ತದೆ.

ಆದರೆ ಟ್ಯಾಂಕಿನಿಂದ ಹೊರಬರುವ ಸ್ಲರಿ, ಅಂದರೆ ಕೊಳೆತು ಉಳಿದ ತೆಳು ಗಂಜಿಯಂಥ ಗೊಬ್ಬರ, ಇದೆಯಲ್ಲ, ನೀರು ಬೆರೆಸಿ ಕರಿಬೇವಿಗೆ ಹಾಕಿ ನೋಡಿ. ಹಸಿ ಕಸದ ಬಕೆಟ್ಟೂ ಹೆಚ್ಚುಕಮ್ಮಿ ಖಾಲಿ. ಟ್ಯಾಂಕಿಗೆ ನಾಲ್ಕು ಸ್ಟಾರ್, ಸರ್ವಿಸ್‌ಗೆ ಒಂದೂವರೆ.